ನೀರಲ್ಲಿ ಮುಳುಗಿಸಿದ ರೆಕ್ಕೆ, ಗ್ರಾಂ ಲೆಕ್ಕದ ಬಲ

14 ನವೆಂಬರ್ 2024, ಗುರುವಾರ

ಇವತ್ತಿನ ದಿನ ಹೆಚ್ಚುಕಡಿಮೆ ಸೊನ್ನೆ ಹಿಡಿಯೋದರಲ್ಲೇ, ಅಂದರೆ ನಿಂತ ನೀರಿನ ರೀಡಿಂಗ್ ತೆಗೆಯೋದರಲ್ಲೇ ಹೋಯಿತು. ವಾಟರ್ ಟನಲ್‌ನಲ್ಲಿ (ಮಾಡೆಲ್ ಸುತ್ತ ನೀರು ಹರಿಸುವ ಸುರಂಗ) ಬಲ ಅಳೆಯುವವರಿಗೆ ಇದು ಮಾಮೂಲು. ನೀರು ಹರಿಸಿ ಅಳೆಯುವ ಹೊತ್ತಿಗಿಂತ, ನೀರು ಪೂರ್ತಿ ನಿಲ್ಲಲಿ ಅಂತ ಕಾಯುವ ಹೊತ್ತೇ ಜಾಸ್ತಿ.

ಮಾಡೆಲ್ ಒಂದು ಡೆಲ್ಟಾ ರೆಕ್ಕೆ, ಅಂದರೆ ತ್ರಿಕೋನಾಕಾರದ್ದು. ಉದ್ದ 25 ಸೆಂಟಿಮೀಟರ್, ಮುಂದಿನ ಅಂಚು 70 ಡಿಗ್ರಿ ಹಿಂದಕ್ಕೆ ಓರೆ. ನೀರಿನ ವೇಗ ಸೆಕೆಂಡಿಗೆ ಬರೀ 20 ಸೆಂಟಿಮೀಟರ್. "ಇಷ್ಟು ನಿಧಾನದ ನೀರಲ್ಲಿ ಏನು ಸಿಗುತ್ತೆ ಸರ್?" ಅಂತ ಹೊಸದಾಗಿ ಸೇರಿದ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ನೀರಿನ ಕೈನೆಮ್ಯಾಟಿಕ್ ವಿಸ್ಕಾಸಿಟಿ (ಸಾಂದ್ರತೆಗೆ ಹೋಲಿಸಿದ ಅಂಟುತನ) ಗಾಳಿಯದರ ಸುಮಾರು 15ನೇ ಒಂದು ಪಾಲು. ಇದೇ ಮಾಡೆಲ್‌ಗೆ ಇದೇ ರೆನಾಲ್ಡ್ಸ್ ಸಂಖ್ಯೆ (ವೇಗ, ಗಾತ್ರ, ಅಂಟುತನ ಸೇರಿಸಿ ಹರಿವುಗಳನ್ನು ಹೋಲಿಸುವ ಅಂಕಿ) ಗಾಳಿಯಲ್ಲಿ ಬೇಕಾದರೆ ಸೆಕೆಂಡಿಗೆ 3 ಮೀಟರ್ ಬೀಸಬೇಕು. ಆಗ ಸಿಗುವ ಬಲ ನೀರಿನಲ್ಲಿ ಸಿಗುವುದರ ಕಾಲು ಭಾಗದಷ್ಟು. ಅಳೆಯೋಕೆ ನೀರೇ ವಾಸಿ.

ಹಾಗಂತ ಬಲ ದೊಡ್ಡದೇನಲ್ಲ. 20 ಡಿಗ್ರಿ ಮೂಗೆತ್ತಿ ನಿಂತಾಗ ಲಿಫ್ಟ್ (ಮೇಲಕ್ಕೆತ್ತುವ ಬಲ) ಸುಮಾರು 40 ಗ್ರಾಂ ತೂಕದಷ್ಟು. ಮೂಗು ನೇರ ಇದ್ದಾಗ ಡ್ರ್ಯಾಗ್ (ಹಿಂದಕ್ಕೆಳೆಯುವ ಬಲ) ಒಂದೆರಡು ಗ್ರಾಂ, ಅಷ್ಟೇ. ಅದಕ್ಕೇ ಬಲ ಅಳೆಯುವ ಇಂಥ ಬ್ಯಾಲೆನ್ಸ್‌ಗಳಿಗೆ ಸೆಮಿಕಂಡಕ್ಟರ್ ಸ್ಟ್ರೇನ್ ಗೇಜ್ (ಚೂರು ಬಾಗಿದರೂ ವಿದ್ಯುತ್ ಸಂಕೇತ ಕೊಡುವ ಪಟ್ಟಿ) ಹಾಕುತ್ತಾರೆ. ಮಾಮೂಲಿ ಫಾಯಿಲ್ ಗೇಜ್‌ನ ಗೇಜ್ ಫ್ಯಾಕ್ಟರ್, ಅಂದರೆ ಸೂಕ್ಷ್ಮತೆ, 2ರ ಆಸುಪಾಸು, ಇದರದ್ದು 100 ದಾಟುತ್ತೆ. ಆದರೆ ಸ್ವಭಾವ ಮೂಗಿನ ತುದಿಯಲ್ಲೇ ಕೋಪ ಇರೋರದ್ದು. ನೀರಿನ ಉಷ್ಣತೆ ಚೂರು ಬದಲಾದರೂ ಸೊನ್ನೆ ಜಾರುತ್ತೆ.

ಬೆಳಿಗ್ಗೆ ಮಾಡಿದ್ದು ಇದೇ ಕೆಲಸ. ಮಾಡೆಲ್‌ಗೆ ತನ್ನ ತೂಕ ಇದೆ, ನೀರು ಅದನ್ನು ಮೇಲಕ್ಕೆ ಎತ್ತುತ್ತದೆ. ಕೋನ ಬದಲಾದ ಹಾಗೆ ಇವೆರಡರ ಲೆಕ್ಕವೂ ಬ್ಯಾಲೆನ್ಸ್ ಮೇಲೆ ಬೇರೆ ಬೇರೆಯಾಗಿ ಬೀಳುತ್ತೆ. ಹಾಗಾಗಿ ನಿಂತ ನೀರಲ್ಲಿ ಪ್ರತಿ ಕೋನಕ್ಕೂ ಒಂದು ರೀಡಿಂಗ್. ಆಮೇಲೆ ನೀರು ಹರಿಸಿ ಅದೇ ಕೋನಗಳು. ಕೊನೆಗೆ ಪಂಪ್ ನಿಲ್ಲಿಸಿ ಮತ್ತೆ ಸೊನ್ನೆ. ಮೊದಲ ಸೊನ್ನೆಗೂ ಕೊನೆಯ ಸೊನ್ನೆಗೂ ಹೊಂದಿಕೆಯಾಗದಿದ್ದರೆ ಆ ರನ್ ಕಸದ ಬುಟ್ಟಿಗೆ.

ಇನ್ನು ಗುಳ್ಳೆಗಳು. ಹೊಸದಾಗಿ ತುಂಬಿದ ನೀರಲ್ಲಿ ಕರಗಿದ ಗಾಳಿ ಮೆಲ್ಲಗೆ ಹೊರಬಂದು ರೆಕ್ಕೆಯ ಕೆಳಗಡೆ ಸಾಲಾಗಿ ಕೂರುತ್ತೆ, ಸಾಸಿವೆಗಿಂತ ಸಣ್ಣ ಸಣ್ಣವು. ಮೃದು ಬ್ರಷ್‌ನಿಂದ ಸವರಿದರೆ ಪುಸಕ್ಕಂತ ಮೇಲೆ ಹೋಗುತ್ತವೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು! ನೀರನ್ನು ಒಂದು ರಾತ್ರಿ ಸುಮ್ನೆ ಬಿಟ್ಟರೆ ಅರ್ಧ ಕಾಟ ತಪ್ಪುತ್ತೆ.

ಮಧ್ಯಾಹ್ನ ಒಂದು ಚರ್ಚೆ. ಹೇಗೂ ಬಲ ಅಳೀತಿದೀವಿ, ಜೊತೆಗೆ ಬಣ್ಣವನ್ನೂ ಬಿಟ್ಟು ರೆಕ್ಕೆ ಮೇಲಿನ ಸುಳಿ ನೋಡಬಹುದಲ್ವಾ ಅಂತ ಹುಡುಗನ ಆಸೆ. ಆಗಲ್ಲ. ಬಣ್ಣದ ಸಣ್ಣ ಕೊಳವೆಗಳು ಮಾಡೆಲ್ ಹಿಡಿದಿರುವ ಕೋಲಾದ ಸ್ಟಿಂಗ್‌ನಿಂದ ಬ್ಯಾಲೆನ್ಸ್ ದಾಟಿಯೇ ಮಾಡೆಲ್‌ಗೆ ಹೋಗಬೇಕು. ಅವು ಎಷ್ಟೇ ಮೆತ್ತಗಿರಲಿ, ಒಂದೆರಡು ಗ್ರಾಂ ಬಲವನ್ನು ತಾವೇ ಹೊತ್ತುಕೊಂಡುಬಿಡುತ್ತವೆ. ಬಣ್ಣಕ್ಕೆ ಬೇರೆ ದಿನ, ಬಲಕ್ಕೆ ಬೇರೆ ದಿನ. ಬಣ್ಣದ ಚಿತ್ರಗಳ ಮಾತು ಬಂದರೆ ಫ್ರಾನ್ಸ್‌ನ ವಿಮಾನ ಸಂಶೋಧನಾ ಸಂಸ್ಥೆ ಒನೆರಾದಲ್ಲಿ ಆನ್ರಿ ವೆರ್ಲೆ 1950ರ ದಶಕದಿಂದ ತೆಗೆದವನ್ನು ನೋಡಬೇಕು. ಸುಳಿ ಒಡೆಯುವುದನ್ನು ಅಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ.

ನಮ್ಮ ರೆನಾಲ್ಡ್ಸ್ ಸಂಖ್ಯೆ ಬರೀ 50,000. ನಿಜವಾದ ಯುದ್ಧವಿಮಾನದ್ದು ಕೋಟಿಗಳಲ್ಲಿ. ಆದರೂ ನಮ್ಮ ಲಿಫ್ಟ್ ಅಂಕಿಯನ್ನು ನಾನು ನಂಬುತ್ತೇನೆ. ಚೂಪು ಅಂಚಿನ ಡೆಲ್ಟಾದಲ್ಲಿ ಹರಿವು ಅಂಚಿನಲ್ಲೇ ರೆಕ್ಕೆಯಿಂದ ಬಿಟ್ಟುಕೊಳ್ಳುತ್ತೆ, ವೇಗ ಎಷ್ಟೇ ಇರಲಿ. ದುಂಡು ಅಂಚಿನ ರೆಕ್ಕೆಗೆ ಈ ಮಾತು ಹೇಳಲಾರೆ. ಇನ್ನು ಚಿಕ್ಕ ಕೋನದ ಡ್ರ್ಯಾಗ್ ಅಂಕಿ ಯಾರಾದರೂ ಕೇಳಿದರೆ ಕೊಡೋದೇ ಇಲ್ಲ.

ನಾಳೆ ಮಾಡೆಲ್ ಅನ್ನು ಮೇಲೆ ಕೆಳಗೆ ಆಡಿಸುತ್ತಾ ಅಳೆಯಬೇಕು. ನೀರು ನಿಧಾನ ಇರೋದರಿಂದ ಆಡಿಸೋದೂ ನಿಧಾನವೇ ಸಾಕು, ಅದೊಂದು ಅನುಕೂಲ. ತಕರಾರು ಇರೋದು ಸೊನ್ನೆಯಲ್ಲೇ. ನಿಂತ ಗಾಳಿಯಲ್ಲಿ ಆಡಿಸಿದರೆ ಬಹುಪಾಲು ಮಾಡೆಲ್‌ನ ಜಡತ್ವವೇ ಸಿಗುತ್ತೆ, ಕಳೆದರಾಯಿತು. ನಿಂತ ನೀರು ಹಾಗಲ್ಲ, ಅದೂ ತಿರುಗಿ ತಳ್ಳುತ್ತೆ. ಅದನ್ನು ಕಳೆಯಬೇಕೋ ಇಟ್ಟುಕೊಳ್ಳಬೇಕೋ ಅಂತ ಸಂಜೆಯವರೆಗೂ ವಾದ ನಡೆಯಿತು. ಎರಡೂ ಲೆಕ್ಕ ಬರೆದಿಡೋಣ ಅಂತ ತೀರ್ಮಾನ.