ಕಾಕಾನ ಫೈಲು, ಧಾರಚೂಲಾದ ಪರ್ಮಿಟ್ಟು

ಉತ್ತರಾಖಂಡದ ಗಡಿ ಮೂಲೆಲಿರೋ ಆದಿ ಕೈಲಾಸ, ಓಂ ಪರ್ವತ ನೋಡಿ ಬಂದವರೆಲ್ಲ ಫೋಟೋ ಹಾಕ್ತಾರೆ, ರೀಲ್ಸ್ ಹಾಕ್ತಾರೆ, ಹಿಂದೆ ಡಮರುಗದ ಮ್ಯೂಸಿಕ್ಕು ಬೇರೆ. ಪರ್ಮಿಟ್ ಹೆಂಗೆ ಮಾಡಿಸಿದ್ರಿ, ಯಾರ್ಯಾರ ಮುಂದೆ ನಿಂತ್ರಿ ಅಂತ ಕೇಳಿದ್ರೆ ಮಾತ್ರ "ಏಜೆಂಟ್ ಮಾಡ್ಸಿದ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ನಮಗೆ ಏಜೆಂಟ್ ಮಾಡಿಸ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹೊರಟಿದ್ದು ನಮ್ಮ ಕಾಕಾನಿಂದ. ಹುಬ್ಬಳ್ಳಿಲಿ ಬ್ಯಾಂಕಿಂದ ರಿಟೈರ್ ಆಗಿ ಈಗ ಪುಣೆಯ ಸಿಂಹಗಡ ರೋಡಲ್ಲಿ ಮಗನ ಫ್ಲ್ಯಾಟಿನಲ್ಲಿ ಇರ್ತಾರೆ, ನಾನಿರೋದು ಕೋಥರೂಡಲ್ಲಿ, ಭಾನುವಾರ ಅಲ್ಲಿಗೆ ಹೋದ್ರೆ ಕಾಕು ಕೈಯ ಖಡಕ್ ರೊಟ್ಟಿ, ಎಣ್ಣೆಗಾಯಿ ಗ್ಯಾರಂಟಿ. ಕೈಲಾಸ ಮಾನಸ ಸರೋವರ ಕಾಕಾನ ಹಳೇ ಆಸೆ. 2020ರಿಂದ ಆ ಯಾತ್ರೆ ನಿಂತೇ ಹೋಗಿತ್ತು, ಮತ್ತೆ ಶುರುವಾಗಿದ್ದು 2025ರಲ್ಲಿ, ನಾವು ಹೋಗಿದ್ದು ಅದಕ್ಕೂ ಮುಂಚೆ. "ಟಿಬೆಟ್ಟಿಗೆ ಬಿಡಂಗಿಲ್ಲಂದ್ರ ಬಿಡವಲ್ರಾಕ, ಗಡಿ ತನಕರೆ ಹೋಗಿ ಬರೂಣು ತಂಗಿ" ಅಂದ್ರು ಒಂದು ದಿನ ಊಟ ಮಾಡ್ತಾ. ಟಿಬೆಟ್ ಗಡಿಯ ಲಿಪುಲೇಖ್ ಘಾಟಿ ತನಕ ರಸ್ತೆ ಆಗಿದ್ದು, 2020ರ ಮೇನಲ್ಲಿ ಉದ್ಘಾಟನೆ ಮಾಡಿದ್ದು ಎಲ್ಲಾ ಅವರಿಗೆ ಬಾಯಿಪಾಠ. ಮೊದಲು ದಿನಗಟ್ಲೆ ನಡೀಬೇಕಿದ್ದ ಜಾಗಕ್ಕೆ ಈಗ ಜೀಪು ಹೋಗುತ್ತೆ, ಇನ್ನೇನು ಬೇಕು ಅನ್ನೋದು ಅವರ ವಾದ.

ಕಾಕುಗೆ ಮಾತ್ರ ಆ ದಾರಿ ಹೆಸರು ಕೇಳಿದ್ರೇ ಆಗಲ್ಲ. 1998ರ ಆಗಸ್ಟಲ್ಲಿ ಮಾಲ್ಪಾದಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಹೋದ್ರಲ್ಲ, ಅದರಲ್ಲಿ ಹೆಸರಘಟ್ಟದ ನೃತ್ಯಗ್ರಾಮದ ಪ್ರೋತಿಮಾ ಬೇಡಿನೂ ಇದ್ರು, ಆ ಸುದ್ದಿ ಪೇಪರಲ್ಲಿ ಓದಿದ್ದು ಕಾಕುಗೆ ಇನ್ನೂ ನೆನಪಿದೆ. "ಅದ ಮಾಲ್ಪಾ ಮ್ಯಾಲೇ ಹೋಗಬೇಕಲ್ಲ?" ಅಂತ ಕೇಳಿದ್ರು. ಹೌದು, ಅದರ ಮೇಲೇ. ಕೊನೆಗೆ "ಹಂಗಾದ್ರ ನಾನೂ ಬರ್ತೀನಿ, ನಿಮ್ಮನ್ನಷ್ಟ ಕಳಸಂಗಿಲ್ಲ" ಅಂತ ಅವರೂ ಹೊರಟು ನಿಂತ್ರು.

ಈಗ ವಿಷಯಕ್ಕೆ ಬರ್ತೀನಿ. ಆ ಕಡೆಗೆ ಬೇಕಾಗಿರೋದು ಇನ್ನರ್ ಲೈನ್ ಪರ್ಮಿಟ್, ಅಂದ್ರೆ ಗಡಿ ಹತ್ತಿರದ ಜಾಗಕ್ಕೆ ಹೋಗೋಕೆ ಸರ್ಕಾರದ ಅನುಮತಿ ಚೀಟಿ, ಕೊಡೋದು ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯ ಧಾರಚೂಲಾದಲ್ಲಿರೋ ಎಸ್‌ಡಿಎಂ (ಉಪವಿಭಾಗದ ಮ್ಯಾಜಿಸ್ಟ್ರೇಟ್) ಆಫೀಸು. ನಮ್ಮ ಆಫೀಸಲ್ಲಿ ಲಡಾಖಿಗೆ ಬೈಕಲ್ಲಿ ಹೋಗಿ ಬಂದ ಹುಡುಗ ಒಬ್ಬ "ಎಂಥಾ ಪರ್ಮಿಟ್, ಈಗೆಲ್ಲಾ ತೆಗೆದಾಕಿದಾರೆ" ಅಂತ ದೊಡ್ಡದಾಗಿ ಹೇಳಿದ. ಅವನು ಹೇಳಿದ್ದು ಲಡಾಖಿನ ಮಟ್ಟಿಗೆ ಸರಿ, ಅಲ್ಲಿ ನಮ್ಮ ದೇಶದವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಡ ಅಂತ 2021ರ ಆಗಸ್ಟಲ್ಲಿ ಆಯ್ತು. ಅರುಣಾಚಲಕ್ಕೆ ಇವತ್ತಿಗೂ ಬೇಕು, ಅದು ಬ್ರಿಟಿಷರ 1873ರ ಕಾನೂನು, ಇನ್ನೂ ಜೀವಂತ ಇದೆ. ಒಂದೇ ಹಿಮಾಲಯ, ಆದ್ರೆ ಒಂದೊಂದು ಮೂಲೆಗೆ ಒಂದೊಂದು ರೂಲು, ಅದಕ್ಕೇ ಇನ್ನೊಬ್ಬರ ಟ್ರಿಪ್ಪಿನ ಅನುಭವ ಕೇಳಿ ಬ್ಯಾಗ್ ತುಂಬಿಸೋಕೆ ಹೋಗಬಾರದು.

ನ್ಯೂಜೆರ್ಸಿಲಿರೋ ಕಾಕಾನ ಮಗಳು, ನಮ್ಮಕ್ಕ, ನಾನೂ ರಜೆ ಹಾಕಿ ಬರ್ತೀನಿ ಅಂತ ಕುಣೀತಿದ್ಲು. ಅವಳ ಕೈಲಿ ಈಗ ಅಮೆರಿಕಾ ಪಾಸ್‌ಪೋರ್ಟು, ಜೊತೆಗೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಒಸಿಐ ಕಾರ್ಡು. ಹುಟ್ಟಿದ್ದು ಹುಬ್ಬಳ್ಳಿ, ಓದಿದ್ದು ಧಾರವಾಡ, ಆದ್ರೆ ಗಡಿ ಜಾಗದ ಲೆಕ್ಕದಲ್ಲಿ ಅವಳು ಫಾರಿನರ್ರೇ, ನಮ್ಮ ಇನ್ನರ್ ಲೈನ್ ಪರ್ಮಿಟ್ ಅವಳಿಗೆ ನಡೆಯಲ್ಲ, ಅವಳದು ಆಗಿದ್ದ 1958ರ ಆರ್ಡರಿನ ಪ್ರಕಾರ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಅನ್ನೋ ಬೇರೆಯೇ ದಾರಿ. ಫೋನಲ್ಲಿ ಇದನ್ನ ವಿವರಿಸಿದಾಗ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಆಯ್ತು ಬಿಡು, ಫೋಟೋ ಕಳಸು" ಅಂತ ಇಟ್ಲು. ಇಡೀ ವ್ಯವಹಾರದಲ್ಲಿ ನನಗೆ ಬೇಜಾರಾಗಿದ್ದು ಇದೊಂದೇ.

ಮೊದಲು ಇಲ್ಲಿನ ಒಂದು ಟೂರ್ಸ್‌ನವರ ಹತ್ರ ಹೋಗಿದ್ವಿ. ಎಲ್ಲಾ ನಾವೇ ಮಾಡ್ಕೊಡ್ತೀವಿ ಅಂತ ಪ್ಯಾಕೇಜಿನ ಮೇಲೆ ಪರ್ಮಿಟ್ ಚಾರ್ಜ್ ಅಂತ ಬೇರೆ ಬರೆದು ಕೊಟ್ರು. ಅಡ್ವಾನ್ಸ್ ಮಾತು ಬಂದಾಗ ಹೇಳ್ತಾರೆ, ಪೊಲೀಸ್ ವೆರಿಫಿಕೇಷನ್ ನೀವೇ ತರಬೇಕು, ಮೆಡಿಕಲ್ ನೀವೇ ಮಾಡಿಸ್ಬೇಕು, ಅಫಿಡವಿಟ್ಟೂ ನಿಮ್ದೇ. "ಹಂಗಾದ್ರ ನೀವು ಮಾಡೂದೇನ್ರಿ?" ಅಂತ ಕಾಕಾ ಕೇಳಿದ್ರು. ಆ ಹುಡುಗ ಹಲ್ಲು ಬಿಟ್ಟ ಅಷ್ಟೇ. ಹೊರಗೆ ಬಂದು ಸ್ಕೂಟರ್ ಸ್ಟ್ಯಾಂಡ್ ತೆಗೆಯೋಕೂ ಮುಂಚೆ ಕಾಕಾ ತೀರ್ಮಾನ ಮಾಡಿ ಆಗಿತ್ತು. "ಜನ್ಮ ಪೂರ್ತಿ ಬ್ಯಾಂಕಿನ್ಯಾಗ ಮಂದಿ ಕಾಗದ ನೋಡೇನಿ, ನನ್ನ ಕಾಗದ ನಾ ಮಾಡ್ಕೊಳ್ಳಾಕ ಬರಂಗಿಲ್ಲೇನು?"

ಅಲ್ಲಿಂದ ಶುರು ಫೈಲು. ಹಸಿರು ಬಣ್ಣದ ಬಾಕ್ಸ್ ಫೈಲು, ಒಳಗೆ ಒಬ್ಬೊಬ್ಬರಿಗೆ ಒಂದೊಂದು ಸೆಕ್ಷನ್ನು, ಅಂಚಿಗೆ ಚೀಟಿ ಅಂಟಿಸಿ ಕೆಂಪು ಇಂಕಲ್ಲಿ ಹೆಸರು, ಪ್ರತಿ ಜೆರಾಕ್ಸಿನ ಮೇಲೂ ಸಹಿ, ಸಹಿ ಕೆಳಗೆ ತಾರೀಖು. ಆಧಾರ್ ಜೆರಾಕ್ಸಿನ ಮೇಲೆ ಅಡ್ಡಗೆರೆ ಎಳೆದು "ಯಾತ್ರಾ ಪರ್ಮಿಟ್ ಸಲುವಾಗಿ ಮಾತ್ರ" ಅಂತ ಬೇರೆ ಬರೆದಿದ್ರು, ಕನ್ನಡದಲ್ಲಿ! ಅಲ್ಲಿ ಯಾರು ಓದ್ತಾರೆ ಕಾಕಾ ಅಂದ್ರೆ ಕೆಳಗೆ ಹಿಂದಿಲೂ ಬರೆದ್ರು. ಅಫಿಡವಿಟ್ ಮಾಡಿಸೋಕೆ ಶಿವಾಜಿನಗರ ಕೋರ್ಟ್ ಹತ್ರ ಹೋದಾಗ ಟೈಪ್ ಮಾಡೋನು ಅಭ್ಯಾಸಬಲದಿಂದ ಮರಾಠಿಲಿ ಶುರು ಮಾಡಿದ, ಕಾಕಾ ತಡೆದು ಅದನ್ನ ಹಿಂದಿಗೆ ತಿರುಗಿಸಿ, ಒಂದು ಕಡೆ ಬಿಟ್ಟುಹೋಗಿದ್ದ ಪಿನ್ ಕೋಡನ್ನೂ ಹಾಕಿಸಿದ್ರು. ನನ್ನ ಮೇಲೆ ಯಾವ ಕೇಸೂ ಇಲ್ಲ, ನನ್ನ ಜವಾಬ್ದಾರಿ ಮೇಲೆ ಹೋಗ್ತಿದೀನಿ, ಇಷ್ಟೇ ಅದರ ಸಾರಾಂಶ.

ನಿಜವಾದ ಪರೀಕ್ಷೆ ಪೊಲೀಸ್ ಸರ್ಟಿಫಿಕೇಟಿಂದು. ನನ್ನದು ಸಲೀಸಾಗಿ ಆಯ್ತು, ಬಾಡಿಗೆ ಮನೆಯ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ಇತ್ತು. ಕಾಕಾ ಕಾಕುದು ಕಷ್ಟ. ಆಧಾರಲ್ಲಿ ಹುಬ್ಬಳ್ಳಿ ವಿಳಾಸ, ಫ್ಲ್ಯಾಟು ಮಗನ ಹೆಸರಲ್ಲಿ, ಕರೆಂಟ್ ಬಿಲ್ಲು ಮಗನ ಹೆಸರಲ್ಲಿ, ಗ್ಯಾಸೂ ಮಗನ ಹೆಸರಲ್ಲಿ. ವರ್ಷಗಳಿಂದ ಪುಣೆಲಿದ್ದಾರೆ ಅನ್ನೋದಕ್ಕೆ ಅವರ ಹೆಸರಿನ ಒಂದು ಕಾಗದ ಇಲ್ಲ. ಬ್ಯಾಂಕಲ್ಲಿ ಬೇರೆಯವರಿಗೆ ಅಡ್ರೆಸ್ ಪ್ರೂಫ್ ತನ್ನಿ ಅಂತ ವಾಪಸ್ ಕಳಿಸಿದ ಮನುಷ್ಯ ಈಗ ತಾನೇ ಪ್ರೂಫ್ ಇಲ್ಲದೆ ಕೂತಿದ್ರು, ಕಾಕು ಇದನ್ನ ಬಿಡ್ತಾರಾ, ದಿನಕ್ಕೊಂದು ಸಲ ಹೇಳಿ ನಗೋರು.

ವೆರಿಫಿಕೇಷನ್ನಿಗೆ ಹವಾಲ್ದಾರರು ಬಂದ ದಿನ ನಾನೂ ಅಲ್ಲೇ ಇದ್ದೆ. ಒಳ್ಳೇ ಮನುಷ್ಯ, ಚಹಾ ಕುಡಿದ್ರು, ಪೇಪರ್ ನೋಡಿದ್ರು, ಆಮೇಲೆ ಅಕ್ಕಪಕ್ಕದವರನ್ನ ಕರೀರಿ ಅಂದ್ರು. ಕೆಳಗಿನ ಮನೆ ಆಜೀನ "ಹೇ ಇಥೇಚ್ ರಾಹತಾತ್ ಕಾ?", ಇವರು ಇಲ್ಲೇ ಇರ್ತಾರಾ ಅಂತ ಕೇಳಿದ್ರು. ಆಜಿ ನಮ್ಮ ಕಾಕಾನ ಕಡೆ ನೋಡಿ, ದಿನಾ ಬೆಳಿಗ್ಗೆ ಐದಕ್ಕೆ ಈ ಮನುಷ್ಯ ಜೋರಾಗಿ ವಚನ ಹಾಕಿ ಇಡೀ ಬಿಲ್ಡಿಂಗ್ ಎಬ್ಬಿಸ್ತಾರೆ, ಇಲ್ಲಿರದೆ ಎಲ್ಲಿರ್ತಾರೆ ಅಂತ ಮರಾಠಿಲಿ ಝಾಡಿಸಿದ್ರು. ಅದಕ್ಕಿಂತ ಒಳ್ಳೇ ಅಡ್ರೆಸ್ ಪ್ರೂಫ್ ಯಾವುದಿದೆ, ಹವಾಲ್ದಾರರು ನಗ್ತಾ ಬರ್ಕೊಂಡ್ರು.

ಅಷ್ಟರಲ್ಲಿ ಗೇಟ್ ಹತ್ರ ನಿಂತಿದ್ದ ವಾಚ್‌ಮನ್ ಕಿವಿಗೆ ಧಾರಚೂಲಾ ಅನ್ನೋ ಹೆಸರು ಬಿತ್ತು. "ಅರೇ ಸಾಬ್, ವೋ ತೋ ಮೇರೇ ಘರ್ ಕಾ ರಾಸ್ತಾ ಹೈ" ಅಂತ ಓಡಿ ಬಂದ. ಅವನದು ನೇಪಾಳದ ದಾರ್ಚುಲಾ ಜಿಲ್ಲೆ. ನಡುವೆ ಕಾಳಿ ನದಿ, ಈ ದಡ ನಮ್ಮ ಧಾರಚೂಲಾ, ಆ ದಡ ಅವನ ದಾರ್ಚುಲಾ, ಮಧ್ಯೆ ತೂಗುಸೇತುವೆ. 1950ರ ಒಪ್ಪಂದದ ದಯೆಯಿಂದ ಅವನು ಪಾಸ್‌ಪೋರ್ಟೂ ಇಲ್ಲದೆ ಸೇತುವೆ ದಾಟಿ, ಬಸ್ಸು ರೈಲು ಹತ್ತಿ ಸೀದಾ ಸಿಂಹಗಡ ರೋಡಿಗೆ ಬಂದು ಕೆಲಸ ಮಾಡ್ತಿದಾನೆ, ಅವನ ಊರಿನ ಎದುರಿನ ಗುಡ್ಡ ನೋಡೋಕೆ ನಾವು ಫೈಲ್ ಕಟ್ತಿದೀವಿ. "ಇಷ್ಟೆಲ್ಲಾ ಕಾಗದ ಯಾಕೆ ಸಾಬ್?" ಅಂತ ಪಾಪ ನಿಜವಾಗ್ಲೂ ಅರ್ಥ ಆಗದೆ ಕೇಳಿದ. ಹವಾಲ್ದಾರರು ಕಾಕಾನ ಮುಖ ನೋಡಿದ್ರು, ಕಾಕಾ ಫೈಲ್ ನೋಡಿದ್ರು. ಗಡಿ ಅಂದ್ಮೇಲೆ ಯಾರು ಹೋದ್ರು ಯಾರು ಬಂದ್ರು ಅಂತ ಲೆಕ್ಕ ಇಡೋದು ತಪ್ಪಲ್ಲ ಅಂತ ನನಗೂ ಅನ್ಸುತ್ತೆ, ಚೀನಾ, ನೇಪಾಳ ಎರಡೂ ಸೇರೋ ಮೂಲೆ ಅದು. ಆದ್ರೂ ಆ ಪ್ರಶ್ನೆಗೆ ಆ ಕ್ಷಣಕ್ಕೆ ಯಾರ ಹತ್ರಾನೂ ಉತ್ತರ ಇರ್ಲಿಲ್ಲ.

ಪ್ರಯಾಣದ ಬಗ್ಗೆ ಜಾಸ್ತಿ ಬರೆಯಲ್ಲ. ದೆಹಲಿಗೆ ರೈಲು, ಅಲ್ಲಿಂದ ಕಾಠಗೋದಾಮ್, ಆಮೇಲೆ ಅಲ್ಮೋರಾ, ಪಿಥೋರಾಗಢ ಅಂತ ಜೀಪು, ಕಾಕುಗೆ ದಾರಿಯುದ್ದಕ್ಕೂ ವಾಂತಿ. ಧಾರಚೂಲಾಕ್ಕೆ ಬಂದ ಮೇಲೆ ಒಂದು ತಮಾಷೆ. ಆಫೀಸು ಹತ್ತಕ್ಕೆ ತೆಗೀತಾರೆ ಅಂತ ಹೋಟೆಲಿನವರು ಹೇಳಿದ್ರು, ನನ್ನ ಫೋನಲ್ಲಿ ಆಗಲೇ ಹತ್ತೂ ಹತ್ತು, ನಾನು ಲೇಟಾಯ್ತು ಲೇಟಾಯ್ತು ಅಂತ ಇಬ್ಬರನ್ನೂ ಎಳ್ಕೊಂಡು ಹೊರಟ್ರೆ ಕಾಕಾ ತಮ್ಮ ಎಚ್‌ಎಂಟಿ ವಾಚ್ ತೋರಿಸಿ "ಇನ್ನೂ ಐದು ಕಮ್ಮಿ ಹತ್ತು ಐತಿ, ಯಾಕ ಓಡ್ತಿ?" ಅಂತಾರೆ. ನನ್ನ ಫೋನು ನದಿಯಾಚೆಯ ಟವರ್ ಹಿಡಿದು ನೇಪಾಳದ ಟೈಮಿಗೆ ಹೋಗಿಬಿಟ್ಟಿತ್ತು, ಅದು ನಮಗಿಂತ 15 ನಿಮಿಷ ಮುಂದೆ.

ಆಫೀಸಲ್ಲಿ ಕಾಕಾ ಫೈಲನ್ನ ಕೂಸಿನ ಹಂಗೆ ಎರಡೂ ಕೈಲಿ ಎತ್ಕೊಂಡು ನಿಂತಿದ್ರು. ಗುಮಾಸ್ತರು ತೆಗೆದು, ಚೀಟಿಗಳನ್ನ ಬೆರಳಲ್ಲಿ ಒಮ್ಮೆ ಸವರಿ, ತಲೆ ಎತ್ತಿ "ಬ್ಯಾಂಕ್ ಮೇ ಥೇ ಕ್ಯಾ?" ಅಂದ್ರು. ಕಾಕಾನ ಮುಖ ಆಗ ನೋಡ್ಬೇಕಿತ್ತು. ಆಧಾರ್ ಕರ್ನಾಟಕದ್ದು, ಪೊಲೀಸ್ ಸರ್ಟಿಫಿಕೇಟು ಮಹಾರಾಷ್ಟ್ರದ್ದು ಹೆಂಗೆ ಅಂತ ಒಂದು ಪ್ರಶ್ನೆ ಬಂತು, ಮಗನ ಮನೆ ಅಂದ್ರು, ಸರಿ ಅಂದ್ರು, ಅಷ್ಟೇ. ಇನ್ನುಳಿದಿದ್ದು ಅಲ್ಲಿನ ಆಸ್ಪತ್ರೆ ಮೆಡಿಕಲ್ಲು.

ಅಲ್ಲಿ ಕಾಕಾನ ಬಿಪಿ ಏರಿ ಕೂತ್ಕೊಳ್ತು. ಪುಣೆಯ ಡಾಕ್ಟರ್ ಫಿಟ್ ಅಂತ ಬರ್ಕೊಟ್ಟಿದ್ರು, ಭಾನುವಾರ ಭಾನುವಾರ ಸಿಂಹಗಡ ಹತ್ತಿ ಮೇಲೆ ಪಿಠಲ ಭಾಕ್ರಿ ತಿಂದು ಇಳಿದಿದ್ವಿ, ಅದೆಲ್ಲಾ ಇಲ್ಲಿ ಲೆಕ್ಕಕ್ಕಿಲ್ಲ, ದಾರಿಲಿ ಸಿಗೋ ಗುಂಜಿ 3,200 ಮೀಟರ್ ಎತ್ತರದ ಊರು, ಆದಿ ಕೈಲಾಸದ ಬುಡದ ಜೋಲಿಂಗ್‌ಕಾಂಗ್ ಅದಕ್ಕೂ ಮೇಲೆ, ಪುಣೆ ಬರೀ 560. ಡಾಕ್ಟರು ಬೈಯ್ಯಲಿಲ್ಲ, ಹೊರಗೆ ಬೆಂಚಲ್ಲಿ ಸುಮ್ಮನೆ ಕೂತಿದ್ದು ಮತ್ತೆ ಬನ್ನಿ ಅಂದ್ರು. ಕಾಕಾ ಕೂತು, ಪರ್ಮಿಟ್ ಬರದಿದ್ರೆ ರೈಲ್ವೆ ಟಿಕೆಟ್ ಏನ್ಮಾಡೋದು, ಜೀಪಿನವನಿಗೆ ಕೊಟ್ಟ ಅಡ್ವಾನ್ಸ್ ಏನ್ಮಾಡೋದು ಅಂತ ಶುರು ಮಾಡಿದ್ರು. "ರೀ, ಬಾಯಿ ಮುಚ್ಚಿ ಕೂಡ್ರಿ, ಇಲ್ಲಾಂದ್ರ ನಾವಿಬ್ಬರ ಹೋಗಿ ಬರ್ತೀವಿ, ನೀವು ಇಲ್ಲೇ ಚಪ್ಪಲಿ ಕಾಯ್ಕೋತ ಇರ್ರಿ" ಅಂದ್ರು ಕಾಕು. ಎಡಗೈ ತೋಳು ಮಡಚಿ, ಕಣ್ಣು ಮುಚ್ಚಿ, ತುಟಿ ಮಾತ್ರ ಅಲ್ಲಾಡಿಸ್ತಾ ಕೂತಿದ್ದ ಆ ಮನುಷ್ಯನ್ನ ನೋಡಿ ನನಗೆ ನಗು ತಡೆಯೋಕೆ ಆಗ್ತಿರ್ಲಿಲ್ಲ, ಆದ್ರೆ ಒಳಗೊಳಗೇ ಭಯಾನೂ ಇತ್ತು. ಎರಡನೇ ಸಲ ನೋಡಿದಾಗ ಇಳಿದಿತ್ತು. ಮಾತ್ರೆ ತಪ್ಪಿಸಬೇಡಿ, ಗುಂಜಿಲಿ ಎರಡು ರಾತ್ರಿ ಇದ್ದು ಮೇಲೆ ಹೋಗಿ ಅಂತ ಹೇಳಿ ಸಹಿ ಹಾಕಿದ್ರು.

ಪರ್ಮಿಟ್ ಕೈಗೆ ಬಂದಾಗ ನೋಡಿದ್ರೆ ಒಂದು ಹಾಳೆ ಅಷ್ಟೇ. ಛಿಯಾಲೇಖ್ ಚೆಕ್‌ಪೋಸ್ಟಲ್ಲಿ ಅದನ್ನ ತೋರಿಸಿ, ಹೆಸರು ಬರೆಸಿ ಒಳಗೆ ಹೋದ್ವಿ. ಅದಕ್ಕೂ ಮೊದಲು ಮಾಲ್ಪಾ ದಾಟುವಾಗ ಕಾಕು ಜೀಪಿನ ಕಿಟಕಿಯಿಂದಲೇ ಕೈ ಮುಗಿದ್ರು. ನಾಭಿಢಾಂಗ್‌ನಲ್ಲಿ ಓಂ ಪರ್ವತ ಮೋಡದ ಮಧ್ಯೆ ಸ್ವಲ್ಪ ಹೊತ್ತು ಕಾಣಿಸ್ತು, ಹಿಮದ ಓಂ ಚೆನ್ನಾಗಿ ಮೂಡಿತ್ತು, 2024ರ ಆಗಸ್ಟಲ್ಲಿ ಅಲ್ಲಿ ಹಿಮವೇ ಕರಗಿ ಬರೀ ಕಪ್ಪು ಬಂಡೆ ಉಳಿದಿದೆ ಅಂತ ಸುದ್ದಿ ಬಂದಾಗ ಕಾಕಾ ಮೂರು ಸಲ ನಮ್ಮ ಫೋಟೋ ತೆಗೆದು ನೋಡಿದ್ರು.

ಈಗ ಸಿಂಹಗಡ ರೋಡಿನ ಕನ್ನಡದ ರಿಟೈರ್ಡ್ ಮಂದಿಗೆಲ್ಲಾ ಕಾಕಾನೇ ಫ್ರೀ ಕನ್ಸಲ್ಟಂಟು. ಹೋದ ವಾರ ವಿಜಯಪುರದ ಕಡೆಯ ಗಂಡ ಹೆಂಡತಿ ಬಂದು ಕೂತಿದ್ರು, ಆನ್‌ಲೈನಲ್ಲೇ ಅರ್ಜಿ ಹಾಕಬಹುದಂತಲ್ರಿ ಅಂತ ಅವರು ಕೇಳ್ತಿದ್ರೆ ಕಾಕಾ ಹಸಿರು ಫೈಲ್ ಬಿಚ್ಚಿ "ಹಾಕ್ರಿ, ಯಾರ ಬ್ಯಾಡಂದ್ರು, ಆದ್ರ ಕಾಗದ ಎರಡೆರಡು ಸೆಟ್ ಇರಲಿ, ಫೋಟೋ ಎಂಟು ತಗೋರಿ, ನಾಲ್ಕು ಸಾಲಂಗಿಲ್ಲ, ಕರೆಂಟ್ ಬಿಲ್ ಯಾರ ಹೆಸರಿಲೆ ಐತಿ ಮೊದಲ ಅದನ್ನ ಹೇಳ್ರಿ" ಅಂತಿದ್ರು.