ಆಸರೆ ಇಲ್ಲದೆ ನಿಂತ ಮದ್ರಾಸ್ ತಾರಸಿ: ಹಳೇ ಮೈಸೂರು ಮಳಿಗೆ ಮಾದರಿಯ ಹೊಸ ಸುದ್ದಿ

ನಾನು ಕಟ್ಟುತ್ತಿರುವ ಪುಟ್ಟ ಮಳಿಗೆ ಮಾದರಿಯ ತಾರಸಿ ನಿಂತಿತು! ಕೆಳಗೆ ಹಲಗೆ ಇಲ್ಲ, ಫೆವಿಕಾಲ್ ಇಲ್ಲ, ಬರೀ ಸುಣ್ಣದ ಗಾರೆ. ಬೆಳಗ್ಗೆ ಅದರ ಮೇಲೆ ಒಂದು ಕೆಜಿ ಅಕ್ಕಿ ಪ್ಯಾಕೆಟ್ ಇಟ್ಟು ನೋಡಿದೆ. ಒಂದು ಇಟ್ಟಿಗೆಯೂ ಅಲುಗಲಿಲ್ಲ.

ಗೋಡೆ, ಕಮಾನು, ಬಾಗಿಲುಗಳ ಕಥೆ ಬೇಡ, ಮಾದರಿ ಕಟ್ಟುವ ನೀವೂ ಅವನ್ನೆಲ್ಲ ಮಾಡಿದವರೇ. ಅಳತೆ 1:12, ಅಂದರೆ ನಿಜವಾದ ಒಂದಡಿಗೆ ಇಲ್ಲಿ ಒಂದಿಂಚು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಕಾಲದ, ಅಂದರೆ 1890ರ ಆಸುಪಾಸಿನ ಒಂದು ಮಳಿಗೆ. ಒಳಗೆ ಹಳೇ ಪುಸ್ತಕದಂಗಡಿ. ಲ್ಯಾನ್ಸ್‌ಡೌನ್ ಸಾಲಿನಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಹುಡುಕಿದ ಮೈಸೂರಿನವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ತಾರಸಿಯೇ ಇಷ್ಟು ಕಾಡಿದ್ದು. ಮದ್ರಾಸ್ ತಾರಸಿಯ ಜಾಣ್ಮೆ ಇರುವುದು ಓರೆ ಸಾಲಿನಲ್ಲಿ. ತೇಗದ ಜಂತೆಗಳ ಮೇಲೆ ಒಂದಿಂಚು ದಪ್ಪದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಓರೆಯಾಗಿ ಸಾಲು ಹಿಡಿಯುತ್ತಾರೆ. ಪ್ರತಿ ಇಟ್ಟಿಗೆ ಹಿಂದಿನ ಸಾಲಿಗೆ ಗಾರೆಯಿಂದ ಕಚ್ಚಿಕೊಂಡೇ ನಿಲ್ಲಬೇಕು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟು ಮೂರ್ನಾಲ್ಕು ಇಂಚು. ಮರದ ಕೊಡತಿಯಿಂದ ದಿನಗಟ್ಟಲೆ ಬಡಿತ, ಬೆಲ್ಲ ಮತ್ತು ಅಳಲೆಕಾಯಿ ನೀರಿನ ಸಿಂಪಡಣೆ, ಕೊನೆಗೆ ಚಪ್ಪಟೆ ಹೆಂಚು.

ನಿಜವಾದ ತಾರಸಿ ಇಟ್ಟಿಗೆ ಆರಿಂಚು ಉದ್ದ, ಮೂರಿಂಚು ಅಗಲ. ನನ್ನದು ಅರ್ಧ ಇಂಚು ಉದ್ದ, ಕಾಲಿಂಚು ಅಗಲ, ಎರಡು ಮಿಲಿಮೀಟರ್ ದಪ್ಪ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಎಲ್ಲ ಜಾರಿ ಕೆಳಗೆ. ಪುಸ್ತಕದಂಗಡಿಯೊಳಗೆ ಇಟ್ಟಿಗೆ ಮಳೆ! ಗಿರಾಕಿ ಗೊಂಬೆಗೆ ಹೆಲ್ಮೆಟ್ ಕೊಡಿಸು ಅಂತ ಮಗಳ ಸಲಹೆ.

ಒಣ ಇಟ್ಟಿಗೆ ಇಟ್ಟರೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಪುಡಿಪುಡಿ. ನೆನೆಸಿ ಇಟ್ಟರೆ ಜಾರುತ್ತದೆ. ಮರಳಿನದ್ದು ಇನ್ನೊಂದು ತಲೆನೋವು. ಸಂದಿ ಒಂದು ಮಿಲಿಮೀಟರೂ ಇಲ್ಲ, ಮರಳಿನ ಕಾಳು ಅದಕ್ಕಿಂತ ದಪ್ಪ. ಇಟ್ಟಿಗೆ ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ, ಮಧ್ಯೆ ಕಾಳು ಉರುಳುತ್ತದೆ.

ಇಷ್ಟು ಸಾಲದು ಅಂತ ಸುಣ್ಣದ ಕಾಟ. ಆನ್‌ಲೈನ್‌ನಲ್ಲಿ ತರಿಸಿದ ಮೂಟೆ ಮೇಲೆ 'ಶುದ್ಧ ಸುಣ್ಣ' ಅಂತ ದೊಡ್ಡ ಅಕ್ಷರ. ಒಂದು ಚಿಟಿಕೆಗೆ ನಿಂಬೆರಸ ಬಿಟ್ಟೆ. ಬುಸ್ ಅಂತ ನೊರೆ! ಅಂದರೆ ಗಾಳಿ ಕುಡಿದು ಸತ್ತ ಸುಣ್ಣ, ಬರೀ ಸೀಮೆಸುಣ್ಣದ ಪುಡಿ. ಜೀವ ಇರುವ ಸುಣ್ಣ ಹಾಗೆ ನೊರೆಯುವುದಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ಎಲ್ರೂ ಇದನ್ನೇ ತಗೋತಾರೆ ಸಾರ್" ಅಂದರು. ನೀವೂ ಮೂಟೆ ಬಿಚ್ಚಿದ ತಕ್ಷಣ ನಿಂಬೆಹಣ್ಣು ಹಿಂಡಿ ನೋಡಿ, ದುಡ್ಡು ಉಳಿಯುತ್ತದೆ.

ಕೊನೆಗೆ ಸುಟ್ಟ ಸುಣ್ಣದ ಕಲ್ಲನ್ನೇ ಹುಡುಕಿ ತಂದು ನೆನೆಹಾಕಿದೆ. ರಕ್ಷಣಾ ಕನ್ನಡಕ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಕೊತಕೊತ ಕುದಿದು ಸಿಡಿಯುತ್ತದೆ. ತಿಂಗಳುಗಟ್ಟಲೆ ನೀರಿನಡಿ ಬಿಟ್ಟ ಮೇಲೆ ಬೆಣ್ಣೆಯ ಹಾಗಾಯಿತು.

ಅದು ಹದಕ್ಕೆ ಬರುವ ತನಕ ಸುಮ್ನೆ ಕೂರಲಾಗಲಿಲ್ಲ, ಮೈಸೂರಿನ ದೊಡ್ಡ ಗಡಿಯಾರದ ನಕ್ಷೆ ಶುರುವಾಯಿತು. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ ಎದ್ದ ಗೋಪುರ. ಎತ್ತರ 75 ಅಡಿ. 1:12ರಲ್ಲಿ ಮಾಡಿದರೆ ಆರಡಿ ದಾಟುತ್ತದೆ, ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. 1:48 ಅಂತ ರಾಜಿ ಆಗಿದೆ. ಮುಖದ ಮೇಲಿನ ಕನ್ನಡ ಅಂಕಿಗಳನ್ನು ಹಿತ್ತಾಳೆಯಲ್ಲಿ ಕೊರೆಯುವ ಆಸೆ. ಅದು ಮುಂದಿನ ಸಲ.

ಗಾರೆ ದಾರಿಗೆ ಬಂದದ್ದು ಮರಳು ಬಿಟ್ಟು ಸುರ್ಕಿ ಹಿಡಿದ ಮೇಲೆ. ಕಡಿಮೆ ಬೆಂದ ಇಟ್ಟಿಗೆಯನ್ನು ಕುಟ್ಟಿ, ಹಳೇ ಪಂಚೆಯಲ್ಲಿ ಸೋಸಿದ ಕೆಂಪು ಪುಡಿ. ಸುಣ್ಣದ ಜೊತೆ ಸೇರಿದರೆ ಸುರ್ಕಿ ತೇವದಲ್ಲೂ ಗಟ್ಟಿಯಾಗುತ್ತದೆ, ಗಾಳಿಗಾಗಿ ಕಾಯುತ್ತಾ ಕೂರುವುದಿಲ್ಲ. ಇಟ್ಟಿಗೆಯನ್ನು ನೀರಲ್ಲಿ ಅದ್ದಿ, ಮೇಲಿನ ಹೊಳಪು ಆರಿದ ಕ್ಷಣಕ್ಕೆ ಸರಿಯಾಗಿ ಇಡಬೇಕು. ಬೆರಳಲ್ಲಿ ಒತ್ತಿ ಹತ್ತು ಎಣಿಸಿದರೆ ಸಾಕು, ಚುಕ್ ಅಂತ ಕಚ್ಚಿಕೊಳ್ಳುತ್ತದೆ. ಮೇಲೆ ಒದ್ದೆ ಬಟ್ಟೆ, ಅವಸರ ಮಾಡುವಂತಿಲ್ಲ.

ಇದೇ ಖುಷಿಯಲ್ಲಿ ಎರಡು ಸಣ್ಣ ತುಂಡು ತಾರಸಿ ಬೇರೆಯಾಗಿ ಮಾಡಿದೆ. ಎರಡರಲ್ಲೂ ಬೇಕಂತಲೇ ಒಂದು ಬಿರುಕು. ಒಂದಕ್ಕೆ ಸುಣ್ಣದ ತೇಪೆ, ಇನ್ನೊಂದಕ್ಕೆ ಸಿಮೆಂಟ್ ತೇಪೆ. ಇವತ್ತು ಹಳೇ ಕಟ್ಟಡ ಸೋರಿದರೆ ಎಲ್ಲರೂ ಬಳಿಯುವುದು ಸಿಮೆಂಟೇ ಅಲ್ವಾ? ದಿನಾ ನೀರು ಹಾಕಿ, ಬಿಸಿಲಿಗಿಟ್ಟೆ. ಸುಣ್ಣದ್ದು ಒದ್ದೆಯಾಯಿತು, ಒಣಗಿತು. ಸಿಮೆಂಟ್ ತೇಪೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡಿತು. ಅಲ್ಲಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಗೋಡೆಯೊಳಗೆ ಹೂತ ಜಂತೆಯ ತುದಿಯನ್ನು ಎಳೆದು ನೋಡಿದರೆ ಕಪ್ಪಾಗಿ, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗೆ. ಹೊರಗೆ ಕಾಣುವ ಭಾಗ ಮಾತ್ರ ಹೊಸದರ ಹಾಗೆ ಗಟ್ಟಿ.

ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಬಿತ್ತು. ಕೆಡವಬೇಕೋ, ರಿಪೇರಿ ಮಾಡಬೇಕೋ ಅನ್ನುವ ಜಗಳ ಕೋರ್ಟಿನವರೆಗೂ ಹೋಯಿತು. "ಹಳೇದು, ಅದಕ್ಕೇ ಬಿತ್ತು" ಅನ್ನುವ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಚಿಗುರೆಲೆ, ಮಲ್ಲಿಗೆ, ಕುಂಕುಮ, ಹಳೇ ಪುಸ್ತಕ ಅಂತ ಜನ ಸೇರುವ ಜಾಗದ ಜಂತೆ ತುದಿಯನ್ನು ವರ್ಷಕ್ಕೊಮ್ಮೆ ತಟ್ಟಿ ನೋಡುವುದು ಅಂಥ ದೊಡ್ಡ ಕೆಲಸವೇನಲ್ಲ.

ಮುಂದೆ ಕಾಂಕ್ರೀಟು ಬಡಿಯುವುದು. ಪುಟ್ಟ ಕೊಡತಿಗೆ ಹುಣಸೆ ಮರದ ತುಂಡು ಸಿಕ್ಕಿದೆ, ಚಪ್ಪಟೆ ಹೆಂಚು ಮಾತ್ರ ಇಲ್ಲ. ಎರಡು ಮಿಲಿಮೀಟರ್‌ಗಿಂತ ತೆಳ್ಳಗೆ ಜೇಡಿಮಣ್ಣು ಸುಟ್ಟುಕೊಡುವ ಕುಂಬಾರರು ಗೊತ್ತಿದ್ದರೆ ತಿಳಿಸಿ. 2012ಕ್ಕೆ ಮುಂಚೆ ಲ್ಯಾನ್ಸ್‌ಡೌನ್ ಮಳಿಗೆಯೊಳಗೆ ತೆಗೆದ ಫೋಟೋದಲ್ಲಿ ಸೂರು ಕಾಣುತ್ತಿದ್ದರೆ ಅದೂ ಬೇಕು, ಪುಸ್ತಕದ ಹಿಂದೆ ಮೂಲೆಯಲ್ಲಿ ಅರ್ಧ ಕಂಡರೂ ಸರಿ.