ಶನಿಗೆ ಎಷ್ಟು ಚಂದ್ರರು? ವಾರದ ಕ್ವಿಜ್, 31ನೇ ವಾರದ ದಿನಚರಿ

ನಮ್ಮ ಫೋನ್ ಗುಂಪಿನಲ್ಲಿ ನಾನು ವಾರವಾರ ನಡೆಸುವ ಕ್ವಿಜ್. ನಿನ್ನೆ ರಾತ್ರಿ ಹನ್ನೆರಡು ಪ್ರಶ್ನೆ, ಹನ್ನೊಂದು ತಂಡ. ಒಂದೇ ಒಂದು ತಕರಾರಿಲ್ಲ! ಆರು ವಾರದಲ್ಲಿ ಇದೇ ಮೊದಲು. ಅಂಕಪಟ್ಟಿ ಕಳಿಸಿದ ಮೇಲೆ ಹತ್ತು ನಿಮಿಷ ಫೋನ್ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಯಾರಾದರೂ "ಒಂದ್ನಿಮಿಷ, ಆರನೇ ಪ್ರಶ್ನೆ..." ಅಂತ ಶುರು ಮಾಡುತ್ತಾರೆ ಅಂತ ಕಾದೆ. ಯಾರೂ ಮಾಡಲಿಲ್ಲ. ಎಲ್ಲರೂ "ಶುಭರಾತ್ರಿ" ಹೇಳಿ ಮಲಗಲು ಹೋದರು. ನನಗೆ ಮಾತ್ರ ಖುಷಿಗೆ ನಿದ್ದೆ ಬರಲಿಲ್ಲ.

ತಂಡ ಕಟ್ಟುವುದು, ಉತ್ತರ ತುಂಬುವ ಫಾರ್ಮ್, ಟೈಮರ್, ಅಂಕ ಕೂಡಿಸುವ ಶೀಟು, ಇವೆಲ್ಲ ಕ್ವಿಜ್ ನಡೆಸುವವರಿಗೆ ಗೊತ್ತೇ ಇದೆ. ಅದನ್ನು ಬಿಟ್ಟುಬಿಡೋಣ. ಆರು ವಾರ ನನ್ನನ್ನು ಕಾಡಿದ್ದು ಒಂದೇ ಸಮಸ್ಯೆ. ಒಂದು ಪ್ರಶ್ನೆಗೆ ಎರಡು ಸರಿ ಉತ್ತರ.

ಶುರುವಾದದ್ದು 26ನೇ ವಾರ. ಪ್ರಶ್ನೆ ಹೀಗಿತ್ತು: "ಅತಿ ಹೆಚ್ಚು ಚಂದ್ರರಿರುವ ಗ್ರಹ ಯಾವುದು?" ಇದು ನಾನು ದುಡ್ಡು ಕೊಟ್ಟು ಕೊಂಡ ಪ್ರಶ್ನೆ ಬ್ಯಾಂಕಿನದ್ದು, ಅಂದರೆ ಸಿದ್ಧ ಪ್ರಶ್ನೋತ್ತರಗಳ ಸಂಗ್ರಹದ್ದು. ಅವರು ಕೊಟ್ಟ ಉತ್ತರ ಗುರು. ಆರು ತಂಡ ಶನಿ ಅಂತ ಬರೆದವು, ನಾನು ಸೊನ್ನೆ ಕೊಟ್ಟೆ. ಆಮೇಲೆ ಶುರುವಾಯಿತು ನೋಡಿ.

ಆ ರಾತ್ರಿ ಕೂತು ಹುಡುಕಿದೆ. 2019ಕ್ಕೆ ಮೊದಲು ಗುರುವೇ ಮುಂದಿತ್ತು. 2019ರ ಅಕ್ಟೋಬರ್‌ನಲ್ಲಿ ಶನಿಯ ಲೆಕ್ಕ 82ಕ್ಕೆ ಏರಿತು, ಗುರುವಿನದು 79ರಲ್ಲೇ ಉಳಿಯಿತು. 2023ರ ಫೆಬ್ರವರಿಯಲ್ಲಿ ಗುರು 92ಕ್ಕೆ ಹೋಗಿ ಮತ್ತೆ ಮುಂದೆ ಬಂತು. ಮೂರೇ ತಿಂಗಳು! ಮೇ ತಿಂಗಳಲ್ಲಿ ಶನಿ 145, ಆಮೇಲೆ ಇನ್ನೊಂದು ಸೇರಿ 146. 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಹೊಸ ಚಂದ್ರರನ್ನು ಒಪ್ಪಿಕೊಂಡು ಶನಿಯ ಲೆಕ್ಕ 274 ಆಯಿತು. ಅಂದರೆ ಬ್ಯಾಂಕಿನ ಉತ್ತರ ಒಂದು ಕಾಲಕ್ಕೆ ಸರಿಯೇ. ಆ ಕಾಲ ಯಾವುದು ಅಂತ ಅವರು ಬರೆದಿರಲಿಲ್ಲ, ಅಷ್ಟೇ. ಮಾರನೇ ದಿನ ಅಂಕ ತಿದ್ದಿದೆ, ಆರೂ ತಂಡಗಳ ಕ್ಷಮೆ ಕೇಳಿದೆ.

ಈ ಬ್ಯಾಂಕಿನ ಬಗ್ಗೆ ಸ್ವಲ್ಪ ಗೊಣಗಲೇಬೇಕು. ನಾಲ್ಕು ನೂರು ಪ್ರಶ್ನೆ ಅಂತ ಮಾರಿದರು. ಒಂದೇ ಪ್ರಶ್ನೆಯ ಪದ ಹಿಂದುಮುಂದು ಮಾಡಿ ಮೂರು ಸಲ ಹಾಕಿದ್ದಾರೆ. 2006ರಲ್ಲೇ ಕುಬ್ಜಗ್ರಹಗಳ ಪಟ್ಟಿಗೆ ಹೋದ ಪ್ಲೂಟೋ ಅವರಲ್ಲಿ ಇನ್ನೂ ಒಂಬತ್ತನೇ ಗ್ರಹ. ಚೀನಾದ ಮಹಾಗೋಡೆ ಚಂದ್ರನ ಮೇಲಿಂದ ಬರಿಗಣ್ಣಿಗೆ ಕಾಣುತ್ತದೆ ಅಂತಲೂ ಇದೆ. ಕಾಣುವುದಿಲ್ಲ ಸ್ವಾಮಿ! ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಕಳಿಸಿದೆ. "ನಿಮ್ಮ ಆಸಕ್ತಿಗೆ ಧನ್ಯವಾದ" ಅಂತ ಒಂದು ಸಾಲು ಬಂತು, ಅದರ ಕೆಳಗೆ ಇನ್ನೊಂದು ಪ್ರಶ್ನೆ ಬ್ಯಾಂಕಿನ ಜಾಹೀರಾತು.

ತಪ್ಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹೋಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಕಥೆ ಇದೆ. ಫ್ರೆಡ್ ವರ್ತ್ ಅನ್ನುವ ಅಮೆರಿಕದ ಲೇಖಕ ಇಂಥ ಬಿಡಿ ಸಂಗತಿಗಳನ್ನು ಸೇರಿಸಿ ಪುಸ್ತಕ ಮಾಡಿದ್ದ. ನಕಲು ಮಾಡುವವರನ್ನು ಹಿಡಿಯಲು ಅದರಲ್ಲಿ ಒಂದು ಸುಳ್ಳನ್ನು ಬೇಕೆಂದೇ ಬಿತ್ತಿದ್ದ. ಟಿವಿಯ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಅಂತ. ಅದು ಹೋಗಿ ಟ್ರಿವಿಯಲ್ ಪರ್ಸೂಟ್ ಅನ್ನುವ ಕ್ವಿಜ್ ಆಟದ ಕಾರ್ಡಿನಲ್ಲಿ ಕೂತಿತು. 1984ರಲ್ಲಿ ವರ್ತ್ 30 ಕೋಟಿ ಡಾಲರ್ ಕೇಳಿ ಮೊಕದ್ದಮೆ ಹೂಡಿದ, ಸೋತ. ಪುಸ್ತಕದಿಂದ ಸಂಗತಿಗಳನ್ನು ಆರಿಸಿಕೊಂಡರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ ಅಂದಿತು ಕೋರ್ಟು. ಈಗ ಯಾವ ಬ್ಯಾಂಕಿನ ಪ್ರಶ್ನೆ ನೋಡಿದರೂ ನನಗೆ ಫಿಲಿಪ್ ನೆನಪಾಗುತ್ತಾನೆ. ಎರಡು ಕಡೆ ನೋಡದೆ ಒಂದನ್ನೂ ಹಾಕುವುದಿಲ್ಲ.

ಆದರೆ ನನ್ನ ಸಮಸ್ಯೆ ಅದರಿಂದಲೂ ಬಗೆಹರಿಯಲಿಲ್ಲ. 27ನೇ ವಾರ ನಾನೇ ಪ್ರಶ್ನೆ ಬರೆದೆ. "ಜಗತ್ತಿನ ಅತಿ ದೊಡ್ಡ ಮರುಭೂಮಿ?" ಎಂಟು ತಂಡ ಸಹಾರಾ ಅಂದವು. ಎರಡು ತಂಡ ಅಂಟಾರ್ಕ್ಟಿಕಾ ಅಂದವು. ಮಳೆ, ಹಿಮ ಎಷ್ಟು ಬೀಳುತ್ತದೆ ಅನ್ನುವುದರ ಮೇಲೆ ಮರುಭೂಮಿ ಅಂತ ಕರೆಯುವುದಾದರೆ ಅಂಟಾರ್ಕ್ಟಿಕಾವೇ ದೊಡ್ಡದು. ಅದು ಸುಮಾರು 1.4 ಕೋಟಿ ಚದರ ಕಿಲೋಮೀಟರ್, ಸಹಾರಾ ಸುಮಾರು 90 ಲಕ್ಷ. ಎರಡು ಕಡೆ ನೋಡಿದ್ದೆ, ಎರಡೂ ಕಡೆ ಸಹಾರಾ ಅಂತಲೇ ಇತ್ತು. ಎರಡರಲ್ಲೂ "ಬಿಸಿ ಮರುಭೂಮಿ" ಅಂತ ಬರೆದಿದ್ದರು. ಆ "ಬಿಸಿ" ನನ್ನ ಪ್ರಶ್ನೆಯಲ್ಲಿ ಬಿಟ್ಟುಹೋಗಿತ್ತು.

28ನೇ ವಾರ: "ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಲೋಹ?" ಪಾದರಸ, ಬೇರೆ ಏನಿದೆ? ಒಂದು ತಂಡ ಗ್ಯಾಲಿಯಂ ಅಂತ ಬರೆದು ಜೊತೆಗೆ ಥರ್ಮಾಮೀಟರಿನ ಫೋಟೋ ಕಳಿಸಿತು. ಗ್ಯಾಲಿಯಂ ಕರಗುವುದು 29.76 ಡಿಗ್ರಿಯಲ್ಲಿ. ಅವರ ಕೋಣೆಯಲ್ಲಿ 32 ಇತ್ತು! ಇಡೀ ಗುಂಪು ಅರ್ಧ ಗಂಟೆ ನಕ್ಕಿತು. ನಾನೂ ನಕ್ಕೆ, ಅಂಕವನ್ನೂ ಕೊಟ್ಟೆ. ಆದರೆ ಪಾದರಸ ಬರೆದಿದ್ದ ಪುಟ್ಟ ಮಕ್ಕಳ ತಂಡ "ಹಾಗಾದ್ರೆ ನಮ್ದು ತಪ್ಪಾ?" ಅಂತ ಕೇಳಿತು. ಅದರಿಂದ ನನಗೆ ಬಹಳ ನೋವಾಯಿತು. ಸರಿಯಾಗಿ ಬರೆದ ಮಗುವಿಗೆ ತನ್ನ ಉತ್ತರದ ಮೇಲೆ ಅನುಮಾನ ಬಂದರೆ ಆ ಪ್ರಶ್ನೆ ಕೆಟ್ಟದ್ದೇ.

ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರು ಆಡುವುದಿಲ್ಲ, ನೋಡುತ್ತಾರೆ. 29ನೇ ವಾರದಿಂದ ಪ್ರಶ್ನೆಗಳನ್ನು ಮೊದಲು ಅವರಿಗೆ ಕಳಿಸತೊಡಗಿದೆ. ಅವರು ಪ್ರತಿ ಪ್ರಶ್ನೆಯ ಮುಂದೆ ಮೂರು ಮಾತು ಬರೆದು ವಾಪಸ್ ಕಳಿಸುತ್ತಾರೆ: "ಎಲ್ಲಿ? ಯಾವಾಗ? ಯಾರ ಲೆಕ್ಕ?" ಮೂರಕ್ಕೂ ಉತ್ತರ ಪ್ರಶ್ನೆಯಲ್ಲೇ ಇರಬೇಕು. ನಾನು ಶ್ರದ್ಧೆಯಿಂದ ಸೇರಿಸಿದೆ. ಸಮಯ ವಲಯಗಳ ಪ್ರಶ್ನೆ ಹೇಗಾಯಿತು ನೋಡಿ: "ಸಮುದ್ರದಾಚೆಯ ತನ್ನ ಎಲ್ಲ ಪ್ರದೇಶಗಳನ್ನೂ ಸೇರಿಸಿ, ಬೇಸಿಗೆಯಲ್ಲಿ ಗಡಿಯಾರ ಮುಂದೆ ಮಾಡುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಅಂಟಾರ್ಕ್ಟಿಕಾದ ಮೇಲಿನ ಹಕ್ಕನ್ನು ಬಿಟ್ಟು, ಅತಿ ಹೆಚ್ಚು ಸಮಯ ವಲಯಗಳಿರುವ ದೇಶ ಯಾವುದು?" ಉತ್ತರ ಫ್ರಾನ್ಸ್, 12. ರಷ್ಯಾಕ್ಕೆ 11. ತಕರಾರು ಮಾಡಲು ಒಂದು ಸಂದಿಯೂ ಇಲ್ಲ.

ಆ ಪ್ರಶ್ನೆಗೆ ತಕರಾರು ಬರಲಿಲ್ಲ. ಉತ್ತರಗಳೂ ಬರಲಿಲ್ಲ. ನಲವತ್ತೈದು ಸೆಕೆಂಡಿನಲ್ಲಿ ಓದಿ ಮುಗಿಸಲಿಕ್ಕೇ ಆಗಲಿಲ್ಲ ಅವರಿಗೆ. "ಇದು ಪ್ರಶ್ನೆಯೋ ಕ್ರಯಪತ್ರವೋ?" ಅಂತ ಒಬ್ಬರು ಕೇಳಿದರು. ಅರ್ಧದಲ್ಲಿ ಮೂರು ತಂಡ ಸುಮ್ಮನಾದವು. ಗೆಳೆತನಕ್ಕೆ ಅಂತ ಶುರು ಮಾಡಿದ ಆಟ ಪರೀಕ್ಷೆ ಹಾಲ್ ಆಗಿಬಿಟ್ಟಿತ್ತು. ಆ ರಾತ್ರಿ ಇದನ್ನು ನಿಲ್ಲಿಸಿಬಿಡಲೇ ಅಂತಲೂ ಅನ್ನಿಸಿತು.

ಮಾರನೇ ಬೆಳಿಗ್ಗೆ ಮೇಷ್ಟ್ರೇ ಫೋನ್ ಮಾಡಿದರು. "ನೋಡಪ್ಪ, ಒಗಟು ಹಾಕುವವರು ಅತಿ ದೊಡ್ಡದು ಯಾವುದು ಅಂತ ಕೇಳ್ತಾರಾ? ಗುರುತು ಹೇಳ್ತಾರೆ. ಗುರುತು ಹಿಡಿದು ನೀನು ಹೋಗಬೇಕು." ಫೋನ್ ಇಟ್ಟ ಮೇಲೂ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ನಾನು ಬರೀ ಅಳತೆ ಕೇಳುತ್ತಿದ್ದೆ. ದೊಡ್ಡದು, ಹೆಚ್ಚು, ಮೊದಲನೆಯದು. ಅಳತೆ ಅಂದಮೇಲೆ ಅಳೆಯುವ ಕೋಲು ಯಾವುದು ಅಂತ ಹೇಳಲೇಬೇಕು. ಹೇಳಿದರೆ ಪ್ರಶ್ನೆ ಉದ್ದವಾಗುತ್ತದೆ, ಬಿಟ್ಟರೆ ಜಗಳ. ಗುರುತು ಹೇಳಿದರೆ ಆ ತೊಂದರೆಯೇ ಇಲ್ಲ.

ಶನಿಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡೆ. ಮೂರು ಸುಳಿವು, ಕಷ್ಟದ್ದು ಮೊದಲು, ಸುಲಭದ್ದು ಕೊನೆಗೆ. ಒಂದು: 1610ರಲ್ಲಿ ಗೆಲಿಲಿಯೋ ಇದನ್ನು ದೂರದರ್ಶಕದಲ್ಲಿ ನೋಡಿ ಎರಡೂ ಪಕ್ಕದಲ್ಲಿ ಒಂದೊಂದು ಗೋಳ ಇದೆ ಅಂದುಕೊಂಡ, 1612ರಲ್ಲಿ ನೋಡಿದರೆ ಅವು ಮಾಯವಾಗಿದ್ದವು. ಎರಡು: ಇದರ ಅತಿ ದೊಡ್ಡ ಚಂದ್ರನನ್ನು 1655ರಲ್ಲಿ ಹೈಗನ್ಸ್ ಕಂಡ, ಆ ಚಂದ್ರನಿಗೆ ದಟ್ಟವಾದ ವಾತಾವರಣವಿದೆ. ಮೂರು: ಇದರ ಸಾಂದ್ರತೆ ನೀರಿಗಿಂತ ಕಡಿಮೆ, ಸುತ್ತ ಉಂಗುರವಿದೆ. ನಾಳೆ ಇನ್ನೂ ನೂರು ಚಂದ್ರರು ಸಿಕ್ಕಲಿ, ಈ ಪ್ರಶ್ನೆ ಅಲುಗುವುದಿಲ್ಲ. ಮೊದಲ ಸುಳಿವಿಗೇ ಹೇಳಿದರೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಪ್ರತಿ ಸುಳಿವಿಗೂ ಒಂದು ಊಹೆ. ತಪ್ಪಾದರೆ ಅಂಕ ಕಡಿಮೆ ಮಾಡುವುದಿಲ್ಲ. ಕಡಿಮೆ ಮಾಡಿದರೆ ಸಂಕೋಚದವರು ಬಾಯಿಯೇ ಬಿಡುವುದಿಲ್ಲ ಅನ್ನುವುದು ಹಳೇ ಅನುಭವ.

ಗ್ಯಾಲಿಯಂ ಪ್ರಶ್ನೆಯನ್ನಂತೂ ಬರೆಯುವಾಗಲೇ ಮೈ ಜುಮ್ಮೆಂದಿತು. ಧಾತುಗಳ ಆವರ್ತಕ ಕೋಷ್ಟಕ ಮಾಡಿದ ಮೆಂಡಲೀವ್ 1871ರಲ್ಲಿ, ಯಾರೂ ಕಾಣದ ಒಂದು ಧಾತು ಇದೆ ಅಂತ ಹೇಳಿ, ಅದಕ್ಕೆ ಏಕ-ಅಲ್ಯೂಮಿನಿಯಂ ಅಂತ ಹೆಸರಿಟ್ಟಿದ್ದ. ಆ "ಏಕ" ಸಂಸ್ಕೃತದ್ದು! 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬ್ವಾಬೋದ್ರಾನ್ ಅದನ್ನು ಕಂಡುಹಿಡಿದ. ಅವನು ಅಳೆದ ಸಾಂದ್ರತೆ 4.7. ಮೆಂಡಲೀವ್ ಆ ಲೋಹವನ್ನು ಕಣ್ಣಲ್ಲಿ ನೋಡಿರಲಿಲ್ಲ, ಆದರೂ ಇನ್ನೊಮ್ಮೆ ಅಳೆದು ನೋಡಿ ಅಂದ. ಅಳೆದರೆ 5.9 ಬಂತು. ಅವನು ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ. "ದ್ರವ ಲೋಹ ಯಾವುದು" ಅಂತ ಕೇಳಿದ್ದರೆ ಈ ಕಥೆಯೆಲ್ಲ ಗುಂಪಿಗೆ ಸಿಗುತ್ತಿತ್ತಾ?

ಆದರೆ 30ನೇ ವಾರ ಮತ್ತೆ ಎಡವಿದೆ. ನೊಬೆಲ್ ಪ್ರಶ್ನೆ. ನನ್ನ ಮೊದಲ ಸುಳಿವು: "ಎರಡು ಬೇರೆ ಬೇರೆ ವಿಭಾಗಗಳಲ್ಲಿ ನೊಬೆಲ್ ಪಡೆದವರು." ನಾಲ್ಕು ತಂಡ ಮೇರಿ ಕ್ಯೂರಿ ಅಂತ ಕಳಿಸಿದವು. ಅವರಿಗೆ 1903ರಲ್ಲಿ ಭೌತಶಾಸ್ತ್ರ, 1911ರಲ್ಲಿ ರಸಾಯನಶಾಸ್ತ್ರ. ನನ್ನ ಮನಸ್ಸಿನಲ್ಲಿದ್ದದ್ದು ಲೈನಸ್ ಪಾಲಿಂಗ್, 1954ರಲ್ಲಿ ರಸಾಯನಶಾಸ್ತ್ರ, 1962ರ ಶಾಂತಿ ಪ್ರಶಸ್ತಿ. ಮೂರು ಸುಳಿವು ಸೇರಿದರೆ ಉತ್ತರ ಒಂದೇ, ನಿಜ. ಆದರೆ ಮೊದಲ ಸುಳಿವಿಗೇ ಧೈರ್ಯ ಮಾಡಿದವರು ತಪ್ಪೇನೂ ಹೇಳಿರಲಿಲ್ಲ.

ಬೀಗ ತೆರೆದದ್ದು ಅಲ್ಲೇ. ಸುಳಿವುಗಳು ಒಟ್ಟಾಗಿ ಒಂದೇ ಉತ್ತರಕ್ಕೆ ಬಂದರೆ ಸಾಲದು. ಮೊದಲನೆಯದು ಒಂಟಿಯಾಗಿ ನಿಂತರೂ ಒಂದೇ ಉತ್ತರ ಇರಬೇಕು. ಹಾಗಂತ ಉದ್ದ ಮಾಡಬೇಕಾಗಿಲ್ಲ. ಪಾಲಿಂಗ್ ಸುಳಿವಿಗೆ ಬೇಕಾಗಿದ್ದದ್ದು ಕೆಲವೇ ಪದ: "ಯಾರ ಜೊತೆಗೂ ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದ ವ್ಯಕ್ತಿ." ಹಾಗೆ ಪಡೆದವರು ಅವರೊಬ್ಬರೇ. ಈಗ ಪ್ರತಿ ಪ್ರಶ್ನೆಯ ಮೊದಲ ಸುಳಿವನ್ನು ಮಾತ್ರ ಮೇಷ್ಟ್ರಿಗೆ ಕಳಿಸುತ್ತೇನೆ, ಉತ್ತರ ಹೇಳುವುದಿಲ್ಲ. "ಇದಕ್ಕೆ ಇನ್ನೊಂದು ಉತ್ತರ ಹುಡುಕಿ" ಅನ್ನುತ್ತೇನೆ. ಅವರಿಗೆ ಸಿಕ್ಕರೆ ಪ್ರಶ್ನೆ ಕಸದ ಬುಟ್ಟಿಗೆ. ಕಳೆದ ವಾರ ಹದಿನೈದು ಕಳಿಸಿದ್ದೆ, ಆರು ಬುಟ್ಟಿಗೆ ಹೋದವು. ಅವರಿಗೆ ಅದೇ ಈಗ ದೊಡ್ಡ ಆಟ.

ಫಾರ್ಮ್ ಬಗ್ಗೆ ಒಂದು ಮಾತು. ಉತ್ತರ ಸರಿಯೋ ತಪ್ಪೋ ಅಂತ ಅದೇ ತಾನಾಗಿ ನೋಡಿ ಅಂಕ ಕೊಡುವ ಸೌಲಭ್ಯ ಕನ್ನಡಕ್ಕೆ ಆಗಿಬರುವುದಿಲ್ಲ. ಗ್ಯಾಲಿಯಂ, ಗ್ಯಾಲಿಯಮ್, ಗೇಲಿಯಂ, ಮೂರನ್ನೂ ಜನ ಬರೆಯುತ್ತಾರೆ, ಮೂರೂ ಸರಿ. ಯಂತ್ರ ಒಂದನ್ನೇ ಒಪ್ಪುತ್ತದೆ. ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟರೂ ತಪ್ಪು ಅನ್ನುತ್ತದೆ. ಈಗ ತಂಡದ ನಾಯಕರು ನೇರ ನನಗೇ ಕಳಿಸುತ್ತಾರೆ, ಕಣ್ಣಲ್ಲಿ ನೋಡಿ ಅಂಕ ಕೊಡುತ್ತೇನೆ. ಸುಳಿವಿನ ಪ್ರಶ್ನೆ ಆರು, ಮಾಮೂಲಿ ಪ್ರಶ್ನೆ ಆರು. ಅದಕ್ಕಿಂತ ಜಾಸ್ತಿ ಮಾಡಿದರೆ ಒಬ್ಬರ ಕೈಯಲ್ಲಿ ನಿಭಾಯಿಸಲು ಆಗದು. ಸಮಬಲ ಆದರೆ ಮಾತ್ರ ಸಂಖ್ಯೆ ಕೇಳುತ್ತೇನೆ, ಹತ್ತಿರ ಬಂದವರು ಗೆದ್ದರು. ನಿನ್ನೆಯದು ಭೂಮಿಯಿಂದ ಚಂದ್ರನಿಗೆ ಸರಾಸರಿ ದೂರ, 3,84,400 ಕಿಲೋಮೀಟರ್. ಒಂದು ತಂಡ ನಾಲ್ಕು ಲಕ್ಷ ಅಂದು ಗೆದ್ದಿತು.

ಬರೆಯುತ್ತಿದ್ದ ಹಾಗೇ ಮುಂದಿನ ಕೆಲಸ ತಲೆಗೆ ಹತ್ತಿದೆ. ಶಬ್ದದ ಸುತ್ತು! ನಮ್ಮಲ್ಲಿ ಒಬ್ಬರಿಗೆ ಕಣ್ಣು ಕಾಣುವುದಿಲ್ಲ. ಫೋನ್ ಓದಿ ಹೇಳಿದ್ದನ್ನು ಕೇಳಿಸಿಕೊಂಡು ಆಡುತ್ತಾರೆ, ಮತ್ತು ಚೆನ್ನಾಗಿ ಆಡುತ್ತಾರೆ. ಚಿತ್ರದ ಸುತ್ತು ಬಂದಾಗ ಮಾತ್ರ ಪಕ್ಕಕ್ಕೆ ಕೂರಬೇಕು. ಅದಕ್ಕೇ ಚಿತ್ರದ ಸುತ್ತು ನಿಲ್ಲಿಸಿದೆ. ಟೈಪ್‌ರೈಟರಿನ ಸಾಲು ತಿರುಗಿಸುವ ಸದ್ದು, ತಗಡಿನ ಮೇಲೆ ಮಳೆ, ಫೋನ್ ತಂತಿಯಲ್ಲಿ ಇಂಟರ್ನೆಟ್ ತರುತ್ತಿದ್ದ ಹಳೇ ಡಯಲ್‌ಅಪ್ ಮೋಡೆಮ್ಮಿನ ಕಿರುಚಾಟ. ಹತ್ತು ಸೆಕೆಂಡಿನ ತುಣುಕು ಸಾಕು. ಒಂಬತ್ತು ಸಿದ್ಧ ಇವೆ. ಫೋನಿನ ಮೈಕಿಗೆ ಗಾಳಿಯ ಸದ್ದೇ ಜಾಸ್ತಿ ಬರುತ್ತದೆ, ಹಳೇ ಕಾಲುಚೀಲ ಸುತ್ತಿ ನೋಡಬೇಕು.

ನಿನ್ನೆಗೆ ವಾಪಸ್ ಬರುತ್ತೇನೆ. ಶನಿ ಪ್ರಶ್ನೆಗೆ ಮೊದಲ ಸುಳಿವಿನಲ್ಲಿ ಒಂದು ತಂಡ, ಎರಡನೆಯದರಲ್ಲಿ ಐದು. ಮೂರನೆಯದರಲ್ಲಿ ಉಳಿದ ಎಲ್ಲರೂ. ಪುಟ್ಟ ಮಕ್ಕಳ ತಂಡಕ್ಕೂ ಒಂದು ಅಂಕ. ಅವರು ಮೊದಲ ಸುಳಿವಿಗೆ "ಚಂದ್ರ" ಅಂತ, ಎರಡನೆಯದಕ್ಕೆ "ಗುರು" ಅಂತ ಊಹಿಸಿದ್ದರು. ಮೂರನೆಯದಕ್ಕೆ ಉತ್ತರದ ಜೊತೆ ಏಳು ಆಶ್ಚರ್ಯಸೂಚಕ ಚಿಹ್ನೆ ಬಂದವು.

ಅವರಿಗೋಸ್ಕರ ಮುಂದಿನ ವಾರಕ್ಕೆ ಪ್ಲೂಟೋ ಇಟ್ಟಿದ್ದೇನೆ. ಮೂರನೇ ಸುಳಿವು 2006. ಎರಡನೆಯದು, ಅದನ್ನು ಕಂಡುಹಿಡಿದ ಕ್ಲೈಡ್ ಟಾಂಬೋ ಅವರ ಚಿತಾಭಸ್ಮದ ಒಂದು ಚೂರನ್ನು ಹೊತ್ತ ನ್ಯೂ ಹೊರೈಜನ್ಸ್ ನೌಕೆ 2015ರಲ್ಲಿ ಅದರ ಪಕ್ಕದಲ್ಲಿ ಹಾದುಹೋದದ್ದು. ಮೊದಲನೆಯದು ಹೀಗೆ ಬರೆದಿದ್ದೆ: "ಆಕಾಶದ ಇದಕ್ಕೆ ಹೆಸರು ಸೂಚಿಸಿದವಳು ಒಬ್ಬ ಶಾಲಾ ಹುಡುಗಿ." ಮೇಷ್ಟ್ರು ಐದೇ ನಿಮಿಷದಲ್ಲಿ ವಾಪಸ್ ಕಳಿಸಿದರು. ಮಂಗಳಕ್ಕೆ ಹೋದ ಕ್ಯೂರಿಯಾಸಿಟಿ ರೋವರ್‌ಗೆ ಹೆಸರು ಕೊಟ್ಟವಳೂ ಆರನೇ ತರಗತಿಯ ಹುಡುಗಿಯೇ, ಅದೂ ಆಕಾಶ ದಾಟಿಯೇ ಹೋಗಿದೆ ಅಲ್ವಾ ಅಂತ. "1930ರಲ್ಲಿ" ಅಂತ ಸೇರಿಸಿದರೆ ಗಟ್ಟಿಯಾಗುತ್ತದೆ, ಆದರೆ ವರ್ಷ ಗೊತ್ತಿರುವವರಿಗೆ 5 ಅಂಕ ಸುಮ್ನೆ ಕೊಟ್ಟ ಹಾಗೆ. "11 ವರ್ಷದ ಹುಡುಗಿ" ಅಂದರೆ? ಈಗಷ್ಟೇ ಕಳಿಸಿದ್ದೇನೆ. ಮೇಷ್ಟ್ರು ಇನ್ನೂ ಹುಡುಕುತ್ತಿದ್ದಾರೆ.